ಹೇಳಿದ್ದು ಒಂದು, ಕೇಳಿಸಿದ್ದು ಇನ್ನೊಂದು

ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಬೇರೆಯಾಗಿ ಅರ್ಥಮಾಡಿಕೊಂಡು ಅನಾಹುತ ಸಂಭವಿಸಿದಾಗ ಹೊಣೆ ಯಾರದು? ಹೇಳಿದವರದೋ, ಕೇಳಿದವರದೋ? ಯಾರ ಮನದಲ್ಲೂ ಕೇಡಿರಲಿಲ್ಲವೆಂದ ಮೇಲೆ ಅದನ್ನು ತಪ್ಪೆಂದು ಕರೆಯಬಹುದೇ? ಈ ಪ್ರಶ್ನೆಯೊಂದಿಗೆ ಒಂದು ಘೋರ ದುರಂತವನ್ನು ಸ್ಮರಿಸೋಣ.

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಗ್ರಾನ್ ಕನಾರಿಯಾ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ, ಅಲ್ಲಿಗೆ ಬರುತ್ತಿದ್ದ ವಿಮಾನಗಳನ್ನು ನೆರೆಯ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣಕ್ಕೆ ಕಳುಹಿಸಲಾಗಿತ್ತು. ಗಂಟೆಗಟ್ಟಲೆ ಕಾದು ಹೊರಡುವ ಹೊತ್ತಿಗೆ ದಟ್ಟವಾದ ಮಂಜು ಕವಿಯಿತು. ಇದ್ದದ್ದು ಒಂದೇ ರನ್‌ವೇ. ಅದರ ತುದಿಯಲ್ಲಿ ಡಚ್ ಸಂಸ್ಥೆಯಾದ ಕೆಎಲ್‌ಎಂನ ಜಂಬೋ ವಿಮಾನ ಹಾರಲು ಸಿದ್ಧವಾಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆ್ಯಮ್ ಸಂಸ್ಥೆಯ ಜಂಬೋ ಅದೇ ರನ್‌ವೇಯಲ್ಲಿ ಅದರತ್ತ ನಿಧಾನವಾಗಿ ಸಾಗುತ್ತಿತ್ತು. ನಿಯಂತ್ರಣ ಗೋಪುರದವರಿಗೆ ಎರಡೂ ಕಾಣುತ್ತಿರಲಿಲ್ಲ.

ಡಚ್ ಕ್ಯಾಪ್ಟನ್ ಹೊರಡಲು ಅಣಿಯಾದಾಗ, ಇನ್ನೂ ಅನುಮತಿ ಬಂದಿಲ್ಲವೆಂದು ಸಹಚಾಲಕ ಎಚ್ಚರಿಸಿದ. ಅನುಮತಿ ಕೇಳಲಾಯಿತು. ಗೋಪುರವು ಹಾರಿದ ಬಳಿಕ ಅನುಸರಿಸಬೇಕಾದ ಮಾರ್ಗವನ್ನು ತಿಳಿಸಿತು. ಅದರಲ್ಲಿ 'ಟೇಕಾಫ್' ಎಂಬ ಪದವೂ ಇತ್ತು. ಆದರೆ ಅದು ಮಾರ್ಗದ ಅನುಮತಿಯೇ ಹೊರತು ಹಾರುವ ಅನುಮತಿಯಲ್ಲ. ವಿಮಾನ ಚಲಿಸತೊಡಗಿತು. 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂಬರ್ಥದ ಸಹಚಾಲಕನ ಮಾತನ್ನು ಗೋಪುರದವರು, ಹಾರಲು ಸಿದ್ಧವಾಗಿ ನಿಂತಿದ್ದಾರೆಂದು ತಿಳಿದು 'ಓಕೆ' ಎಂದರು. ಕಾಯಿರಿ ಎಂದು ಅವರು ಮುಂದುವರಿಸಿದ ಕ್ಷಣದಲ್ಲೇ, ತಾವಿನ್ನೂ ರನ್‌ವೇಯಲ್ಲಿದ್ದೇವೆಂದು ಪ್ಯಾನ್ ಆ್ಯಮ್‌ನವರು ನುಡಿದರು. ರೇಡಿಯೋದಲ್ಲಿ ಎರಡೂ ಮಾತುಗಳು ಡಿಕ್ಕಿಯಾದವು; ಡಚ್ ಚಾಲಕರಿಗೆ ಕೇಳಿಸಿದ್ದು ಬಹುಪಾಲು ಕರ್ಕಶ ಸದ್ದು. ಕ್ಷಣಗಳಲ್ಲಿ 583 ಜೀವಗಳು ನಂದಿಹೋದವು.

ನೀತಿಶಾಸ್ತ್ರವು ಅಜ್ಞಾನವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ: ನಿವಾರಿಸಲಾಗದ್ದು ಮತ್ತು ನಿವಾರಿಸಬಹುದಾದದ್ದು. ಮೊದಲನೆಯದಕ್ಕೆ ನಾವು ಹೊಣೆಗಾರರಲ್ಲ, ಎರಡನೆಯದಕ್ಕೆ ಹೊಣೆಗಾರರು. ಮಂಜು, ರೇಡಿಯೋದ ಸದ್ದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಆ ಬಳಿಕವೂ ಒಂದು ಬಾಗಿಲು ತೆರೆದಿತ್ತು. ಪ್ಯಾನ್ ಆ್ಯಮ್ ಮತ್ತು ಗೋಪುರದ ನಡುವಿನ ಮುಂದಿನ ಮಾತನ್ನು ಕೇಳಿಸಿಕೊಂಡ ಡಚ್ ಫ್ಲೈಟ್ ಎಂಜಿನಿಯರ್, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಪ್ರಶ್ನಿಸಿದ. ಬಿಟ್ಟಿದೆಯೆಂದು ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿದರು. ಅವರು ಸಂಸ್ಥೆಯ ಅತ್ಯಂತ ಹಿರಿಯ ಚಾಲಕರಲ್ಲೊಬ್ಬರು, ಇತರರಿಗೆ ತರಬೇತಿ ನೀಡುವವರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಮೊದಲು ಎಚ್ಚರಿಸಿದ್ದ ಸಹಚಾಲಕನೂ ತಡೆಯಲಿಲ್ಲ.

ಸಂದೇಹವು ಬಾಯಿಬಿಟ್ಟು ಮಾತನಾಡಿದ ಆ ಗಳಿಗೆಯಿಂದ ಅಜ್ಞಾನವು ನಿವಾರಿಸಬಹುದಾದದ್ದಾಯಿತು. ಹಾಗೆಂದು ಸತ್ತವರನ್ನು ನಾವು ಕುಳಿತಲ್ಲಿಂದ ಖಂಡಿಸುವುದು ಸಲ್ಲದು. ಅನುಮತಿಯಿಲ್ಲದೆ ಹೊರಟದ್ದೇ ಮೂಲ ಕಾರಣವೆಂದು ಸ್ಪೇನಿನ ತನಿಖೆ ಹೇಳಿದರೆ, ಡಚ್ ಅಧಿಕಾರಿಗಳು ಪರಸ್ಪರ ತಪ್ಪು ತಿಳಿವಳಿಕೆಯ ಮೇಲೆ ಒತ್ತು ಕೊಟ್ಟರು. ತೀರ್ಪಿಗಿಂತ ಮುಖ್ಯವಾದದ್ದು ಕಲಿತ ಪಾಠ. ಇಂದು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಪಡಿಸುವಾಗ ಮಾತ್ರ 'ಟೇಕಾಫ್' ಎಂಬ ಪದವನ್ನು ಬಳಸಬೇಕು; ಅನುಮತಿಯನ್ನು ಚಾಲಕರು ಮರಳಿ ಉಚ್ಚರಿಸಬೇಕು, ಬರಿಯ 'ಓಕೆ' ಸಾಲದು. ಕಿರಿಯರು ಪ್ರಶ್ನಿಸುವುದನ್ನೂ, ಹಿರಿಯರು ಕಿವಿಗೊಡುವುದನ್ನೂ ತರಬೇತಿಯಲ್ಲೇ ಕಲಿಸಲಾಗುತ್ತದೆ.

ನಮ್ಮ ಮನೆಗಳಲ್ಲಿಯೂ ಒಂದು 'ಓಕೆ' ಇದೆ. ಅದರ ಹೆಸರು 'ಹೂಂ'. ಮಗಳ ಮದುವೆಯ ಮಾತಿಗೆ ಆಕೆ ಅಂದ 'ಹೂಂ' ಒಪ್ಪಿಗೆಯೋ, ಕೇಳಿಸಿತೆಂಬ ಸೂಚನೆಯೋ, ಸಾಕು ಬಿಡಿ ಎಂಬ ಬೇಸರವೋ? ನಮಗೆ ಬೇಕಾದ ಅರ್ಥವನ್ನೇ ನಾವು ಆರಿಸಿಕೊಳ್ಳುತ್ತೇವೆ. ಅವಸರವಿದ್ದವನಿಗೆ ಎಲ್ಲ ಮಾತೂ ಅನುಮತಿಯಂತೆಯೇ ಕೇಳಿಸುತ್ತದೆ.

ಆದ್ದರಿಂದ ಹೊಣೆ ಇಬ್ಬರದೂ ಹೌದು. ಹೇಳಿದೊಡನೆ ಹೇಳಿದವನ ಕರ್ತವ್ಯ ಮುಗಿಯದು; ತಲುಪಿತೇ ಎಂದು ನೋಡಬೇಕು. ಕೇಳಿದವನು, 'ನೀನು ಹೇಳಿದ್ದು ಇದೇ ತಾನೇ?' ಎಂದು ವಿಚಾರಿಸಬೇಕು. ಇವರಿಬ್ಬರಿಗಿಂತ ಹೆಚ್ಚಿನ ಹೊಣೆ, ಯಾರ ಎದುರು ಉಳಿದವರು ಮರುಪ್ರಶ್ನೆ ಕೇಳಲು ಅಂಜುತ್ತಾರೋ ಆ ಹಿರಿಯರದು. ನಮ್ಮ ಮನೆಯ ಕಿರಿಯರು ನಮ್ಮನ್ನು ಎರಡನೆಯ ಬಾರಿ ಕೇಳಬಲ್ಲರೇ? ಈ ಪ್ರಶ್ನೆಯನ್ನು ಇಂದೇ ಕೇಳಿಕೊಳ್ಳೋಣ.