ಜೀರ್ಣೋದ್ಧಾರವೂ ಯುಕ್ತಾಹಾರವೂ



ನಮ್ಮ ಗ್ರಾಮದ ಶ್ರೀ ಆಂಜನೇಯಸ್ವಾಮಿಯ ಗುಡಿಯ ಜೀರ್ಣೋದ್ಧಾರಕಾರ್ಯವು ಸ್ವಾಮಿಯ ಕೃಪೆಯಿಂದಲೂ ತಮ್ಮೆಲ್ಲರ ತನು-ಮನ-ಧನಗಳ ನೆರವಿನಿಂದಲೂ ಸಾಂಗವಾಗಿ ನೆರವೇರಿದ ಈ ಶುಭಸಮಯದಲ್ಲಿ, ಸ್ಮರಣಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ನನಗೆ ಅಪ್ಪಣೆ ಮಾಡಿರುತ್ತಾರೆ. ನಾನು ಪಂಡಿತನಲ್ಲ, ಪ್ರವಚನಕಾರನೂ ಅಲ್ಲ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಊರ ಲೆಕ್ಕ ಬರೆಯುತ್ತ ತಲೆ ನರೆಸಿಕೊಂಡವನು. ಪಟವಾರಿ ಪದ್ಧತಿಯು 1984ರಲ್ಲಿಯೇ ರದ್ದಾಯಿತು. ಅದರ ತರುವಾಯ ಬಂದ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯೂ 2020ರಲ್ಲಿ ಹೋಯಿತು. ಆದರೂ ಜನರು ಇಂದಿಗೂ ನನ್ನನ್ನು ‘ಪಟವಾರಿ’ ಎಂದೇ ಕರೆಯುತ್ತಾರೆ. ಆದುದರಿಂದ ಶಾಸ್ತ್ರಾರ್ಥ ಹೇಳುವ ಅಧಿಕಾರ ನನಗಿಲ್ಲದಿದ್ದರೂ, ಜಮಾ-ಖರ್ಚಿನ ಲೆಕ್ಕ ಒಪ್ಪಿಸುವ ಅಧಿಕಾರವನ್ನು ತಾವು ಕೊಟ್ಟೇ ಕೊಡುವಿರೆಂದು ನಂಬಿರುತ್ತೇನೆ.

‘ಜೀರ್ಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಳೆಯದಾಗಿ ಶಿಥಿಲವಾದುದು ಜೀರ್ಣ. ಉಂಡ ಅನ್ನವು ಹೊಟ್ಟೆಯಲ್ಲಿ ಕರಗಿದರೆ ಅದೂ ಜೀರ್ಣ. ಗುಡಿಯ ಜೀರ್ಣೋದ್ಧಾರವನ್ನು ಕಲ್ಲು-ಗಾರೆಗಳಿಂದ ಮಾಡಿದೆವು. ದೇಹವೂ ದೇವಾಲಯವೇ ಎಂದು ಹಿರಿಯರು ಹೇಳಿರುವಾಗ, ಆ ಇನ್ನೊಂದು ಗುಡಿಯ ಜೀರ್ಣದ ವಿಚಾರವನ್ನು ಮಾಡುವವರು ಯಾರು? ಭಗವದ್ಗೀತೆಯ 6ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣಪರಮಾತ್ಮನು ಯೋಗಿಯ ಲಕ್ಷಣ ಹೇಳುವಾಗ ‘ಯುಕ್ತಾಹಾರ’ ಎಂಬ ಮಾತನ್ನು ಬಳಸಿರುವನು. ಅತಿಯಾಗಿ ಉಣ್ಣುವವನಿಗೂ, ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂಬುದು ಅಲ್ಲಿಯ ಅಭಿಪ್ರಾಯ. ಈ ಒಂದು ಶಬ್ದವನ್ನೇ ಹಿಡಿದು ನಾನು ತಮ್ಮ ಮುಂದೆ ನಿಂತಿದ್ದೇನೆ.

ಮೊದಲಿಗೆ ನನ್ನ ತಪ್ಪೊಪ್ಪಿಗೆ. ನಾನು ಹುಟ್ಟಾ ಶಾಕಾಹಾರಿಯಲ್ಲ. ನಮ್ಮ ಮನೆಯಲ್ಲಿ ಮಾಂಸದಡಿಗೆಯ ರೂಢಿ ಹಿಂದಿನಿಂದಲೂ ಇದ್ದಿತು. ಆದರೆ ನನ್ನ ಬಾಲ್ಯದಲ್ಲಿ ಅದು ಯುಗಾದಿಯ ಮರುದಿನ, ದಸರೆಯ ಹೊತ್ತು, ಊರಮ್ಮನ ಜಾತ್ರೆ, ಬೀಗರು ಬಂದ ದಿನ — ಇಷ್ಟಕ್ಕೆ ಸೀಮಿತವಾಗಿದ್ದಿತು. ಸೋಮವಾರ ಶಿವನಿಗೆ, ಶನಿವಾರ ಹನುಮಂತನಿಗೆ ಮೀಸಲು. ಶ್ರಾವಣ, ಕಾರ್ತಿಕಗಳಲ್ಲಿ ಒಲೆಯ ಮೇಲೆ ಆ ಪಾತ್ರೆಯನ್ನೇ ಇಡುತ್ತಿರಲಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಲೆ, ಶೇಂಗಾ ಹಿಂಡಿ — ಇವುಗಳಲ್ಲಿಯೇ ವರ್ಷ ಕಳೆಯುತ್ತಿದ್ದಿತು.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರು ಹಾಸಿಗೆ ಹಿಡಿದರು. ವೈದ್ಯರೂ ಧೈರ್ಯ ಹೇಳಲಿಲ್ಲ. ಆ ರಾತ್ರಿ ನಾನು ಊರಮ್ಮನಿಗೆ ಒಂದು ಕುರಿಯ ಹರಕೆ ಹೊತ್ತೆನು. ದೇವಿಯ ದಯೆಯಿಂದ ತಾಯಿ ಎದ್ದು ಕುಳಿತರು. ಹರಕೆ ತೀರಿಸುವ ದಿನ ಹತ್ತಿರವಾದಾಗ ಆಕೆಯೇ ನನ್ನನ್ನು ಕರೆದು, “ನನ್ನ ಜೀವ ಉಳೀಲಿ ಅಂತ ಇನ್ನೊಂದು ಜೀವ ಕೊಡಬ್ಯಾಡಪಾ, ನನಗ ನಿದ್ದಿ ಹತ್ತಂಗಿಲ್ಲ” ಎಂದರು. ನನಗೆ ದಿಕ್ಕು ತೋಚದಾಯಿತು. ಹೊತ್ತ ಹರಕೆಯನ್ನು ತಪ್ಪಿಸಿದರೆ ದೇವಿಯ ಕೋಪ; ತೀರಿಸಿದರೆ ತಾಯಿಯ ಸಂಕಟ. ಬಸವಣ್ಣನವರು ಹರಕೆಯ ಕುರಿಯನ್ನು ಕುರಿತು ನುಡಿದ ವಚನವನ್ನು ಶಾಲೆಯಲ್ಲಿ ಓದಿ ಅಂಕ ಗಳಿಸಿದ್ದ ನಾನು, ಅದರ ಅರ್ಥವನ್ನು ಆ ದಿನ ತಿಳಿದೆನು.

ನಮ್ಮ ಊರಿನ ಕುರುಬರ ಹಿರಿಯರೊಬ್ಬರ ಬಳಿಗೆ ಹೋದೆನು. ಕುರಿಯನ್ನು ಕೊಳ್ಳಬೇಕಾದುದೂ ಅವರಿಂದಲೇ. “ತಾತಾ, ಕುರಿಯನ್ನು ಕಡಿಯದೆ ಹರಕೆ ತೀರಿಸುವ ಮಾರ್ಗವುಂಟೇ?” ಎಂದು ಕೇಳಿದೆನು. ಅವರು ಗಳಿಗೆಹೊತ್ತು ನನ್ನ ಮುಖವನ್ನೇ ನೋಡಿ ಹೇಳಿದರು: “ಪಟವಾರಿ ಸಾಬ್ರ, ದೇವಿ ಹೆಸರಿಲೆ ಕುರೀನ ಹಿಂಡಿನ್ಯಾಗ ಬಿಟ್ಟುಬಿಡ್ರಿ, ನಾ ಮೇಯಿಸ್ತೀನಿ. ಅಮ್ಮ ಸಿಟ್ಟಾಗಂಗಿಲ್ಲ. ಆದ್ರ ಒಂದು ಮಾತು. ನಿಮ್ಮ ಹರಕಿ ಕುರಿ ಜನ್ಮಕ್ಕೊಂದು. ನಿಮ್ಮ ಮನಿಗೆ ಬರೋ ಕೋಳಿ ವಾರಕ್ಕ ಎಷ್ಟು? ಮೊದಲ ಆ ಲೆಕ್ಕ ಬರೀರಿ.”

ನಾನು ತಲೆ ತಗ್ಗಿಸಿ ಮನೆಗೆ ಬಂದೆನು. ಖರ್ಚಿನ ವಹಿ ತೆಗೆದು ಹಿಂದಿನ ವರ್ಷದ ಪುಟಗಳನ್ನು ತಿರುವಿದೆನು. ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಮಾಂಸದ ಖರ್ಚು ನನ್ನ ಅಕ್ಷರದಲ್ಲಿಯೇ ಬರೆದಿದ್ದಿತು! ಬಾಲ್ಯದಲ್ಲಿ ಹತ್ತು-ಹದಿನೈದು ದಿನ, ಈಗ ನೂರು. ಬಸ್ ನಿಲ್ದಾಣದ ಬಳಿ ಅಂಗಡಿಗಳಾದವು, ಕೈಯಲ್ಲಿ ಸಂಬಳವಾಯಿತು, ನಾಲಿಗೆಯು ಯಜಮಾನನಾಯಿತು. ಒಂದು ಕುರಿಗಾಗಿ ನಿದ್ರೆಗೆಟ್ಟ ನಾನು, ನೂರು ದಿನಗಳಿಗಾಗಿ ಒಂದು ದಿನವೂ ನಿದ್ರೆಗೆಡಲಿಲ್ಲ.

ಮಹಾಶಯರೇ, ಇದು ನನ್ನೊಬ್ಬನ ಮನೆಯ ವಹಿಯಾಗಿದ್ದರೆ ತಮ್ಮ ಕಾಲವನ್ನು ವ್ಯಯಮಾಡುತ್ತಿರಲಿಲ್ಲ. ಭೂಮಾತೆಯೂ ಒಂದು ವಹಿಯನ್ನು ಇಟ್ಟಿರುವಳು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು 2013ರಲ್ಲಿ ಮಾಡಿದ ಅಂದಾಜಿನಂತೆ, ಮನುಷ್ಯನ ಕಾರ್ಯಗಳಿಂದ ಆಕಾಶಕ್ಕೆ ಸೇರುವ, ಲೋಕವನ್ನು ಕಾಯಿಸುವ ಅನಿಲಗಳಲ್ಲಿ 100ಕ್ಕೆ 14.5 ಪಾಲು ಪಶುಸಾಕಣೆಯಿಂದ ಬರುತ್ತದೆ. 2023ರ ಅವರ ಲೆಕ್ಕದಲ್ಲಿ ಇದು ಸುಮಾರು 12 ಪಾಲು. ಇದು ಹೇಗೆಂದರೆ, ದನ, ಎಮ್ಮೆ, ಕುರಿ, ಮೇಕೆಗಳಂತಹ ಮೆಲುಕು ಹಾಕುವ ಪ್ರಾಣಿಗಳ ಮೊದಲನೆಯ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಮೀಥೇನ್ ಎಂಬ ಅನಿಲವು ಹುಟ್ಟಿ, ಬಹುಮಟ್ಟಿಗೆ ತೇಗಿನ ಮೂಲಕ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದರ ಶಾಖಶಕ್ತಿಯು ಹೊಗೆಯ ಇಂಗಾಲಾಮ್ಲಕ್ಕಿಂತ ಸುಮಾರು 27 ಪಟ್ಟು ಅಧಿಕ. ಆದರೆ ಅದು ಆಕಾಶದಲ್ಲಿ ನಿಲ್ಲುವುದು ಸುಮಾರು 12 ವರ್ಷ ಮಾತ್ರ. ಅಂದರೆ ಈ ಸಾಲವನ್ನು ನಾವು ಇಂದು ಕಡಿಮೆ ಮಾಡಿದರೆ, ಅದರ ಫಲವನ್ನು ನಮ್ಮ ಮಕ್ಕಳೇ ಕಣ್ಣಾರೆ ಕಾಣುವರು. ಇದಲ್ಲದೆ, ಕೋಳಿಗೆ ಹಾಕುವ ಮೆಕ್ಕೆಜೋಳ, ಸೋಯಾಗಳನ್ನು ಬೆಳೆಯಲು ಭೂಮಿ, ನೀರು, ಗೊಬ್ಬರ ಬೇಕು. ಕೋಳಿಯ ಲೆಕ್ಕವು ದನ-ಕುರಿಗಳ ಲೆಕ್ಕಕ್ಕಿಂತ ಚಿಕ್ಕದೆಂಬುದು ನಿಜ. ಆದರೆ ರೊಟ್ಟಿ-ಬೇಳೆಯ ಲೆಕ್ಕವು ಅದಕ್ಕಿಂತಲೂ ಚಿಕ್ಕದು.

ಈ ಶಾಖದಿಂದ ನಮಗೇನು ಎಂದು ಕೇಳಬಹುದು. 2024ನೆಯ ಇಸವಿಯು ಲೆಕ್ಕವಿಟ್ಟ ಕಾಲದಿಂದ ಇದುವರೆಗಿನ ವರ್ಷಗಳಲ್ಲಿ ಲೋಕಕ್ಕೆ ಅತ್ಯಂತ ಬಿಸಿಯ ವರ್ಷವೆಂದು ಜಾಗತಿಕ ಹವಾಮಾನ ಸಂಸ್ಥೆಯವರು ತಿಳಿಸಿರುತ್ತಾರೆ. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಿನ ಆವಿಯು 100ಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಅದರಿಂದ ಬರುವ ಮಳೆ ಒಮ್ಮೆಲೇ ಸುರಿಯುವುದು. ಬಾರದಿದ್ದರೆ ಬರ ಬಿಗಿಯುವುದು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಕೃಷ್ಣೆಯೂ ತುಂಗಭದ್ರೆಯೂ ಉಕ್ಕಿ ಅಲಂಪುರ, ಗದ್ವಾಲ, ರಾಯಚೂರು, ಕರ್ನೂಲು ಸೀಮೆಗಳಲ್ಲಿ ಮಾಡಿದ ಅನಾಹುತವನ್ನು ಕಂಡವರು ತಮ್ಮಲ್ಲಿಯೇ ಅನೇಕರಿರುವಿರಿ. ಒಂದೇ ಒಂದು ಪ್ರವಾಹವನ್ನು ಹಿಡಿದು ಇದೇ ಕಾರಣವೆಂದು ಹೇಳಲಾಗದು. ಆದರೆ ಇಂತಹ ಅತಿವೃಷ್ಟಿ-ಅನಾವೃಷ್ಟಿಗಳು ಹೆಚ್ಚುವುವೆಂಬ ಎಚ್ಚರಿಕೆಯನ್ನು ತಿಳಿದವರು ಕೊಡುತ್ತಿದ್ದಾರೆ. ಮಳೆಯನ್ನೇ ನಂಬಿ, ಮಳೆ ಕೈಕೊಟ್ಟಾಗ ಕೂಲಿಗಾಗಿ ಊರು ಬಿಟ್ಟುಹೋಗುವ ಪಾಲಮೂರು ಸೀಮೆಯ ನಮಗೆ ಇದು ಪರರ ವಿಷಯವಲ್ಲ.

ಇಲ್ಲಿ ನ್ಯಾಯದ ಮಾತೊಂದನ್ನು ಆಡಲೇಬೇಕು. ಅಮೆರಿಕದಲ್ಲಿ ವರ್ಷಕ್ಕೆ ತಲೆಗೆ 100 ಕಿಲೋಗೂ ಮೀರಿ ಮಾಂಸ ಸಲ್ಲುತ್ತದೆ. ಭಾರತದಲ್ಲಿ 10 ಕಿಲೋ ಕೂಡ ಇಲ್ಲ. ಆದುದರಿಂದ ದೊಡ್ಡ ಸಾಲಗಾರರು ನಾವಲ್ಲ. ನಮ್ಮಲ್ಲಿಯೂ ಬಡವನ ಪಾಲು ಚಿಕ್ಕದು. ಬೆಳೆಯುವ ಮಕ್ಕಳ ತಟ್ಟೆಯಿಂದ, ಬಸುರಿಯ ತಟ್ಟೆಯಿಂದ ಮೊಟ್ಟೆಯನ್ನು ಕಸಿದುಕೊಳ್ಳಿರೆಂದು ನಾನು ಹೇಳಲಾರೆನು. ಹಾಗೆ ಹೇಳುವುದು ಧರ್ಮವಲ್ಲ. ಕುರಿ ಕಾಯುವವರನ್ನು ದೂರುವುದೂ ಸಲ್ಲದು. 2019ರ ಪಶುಗಣತಿಯಲ್ಲಿ ತೆಲಂಗಾಣದ ಕುರಿಗಳ ಸಂಖ್ಯೆ 190 ಲಕ್ಷವೆಂದು ಬಂದು, ದೇಶಕ್ಕೆಲ್ಲ ಮೊದಲನೆಯದಾಯಿತು. ಕೊಯ್ದ ಹೊಲದ ಕೂಳೆ ಮೇಯುವ, ಹೊಲಕ್ಕೆ ಗೊಬ್ಬರವನ್ನೂ ನಮಗೆ ಕಂಬಳಿಯನ್ನೂ ಕೊಡುವ ಆ ಹಿಂಡುಗಳು ಎಷ್ಟೋ ಮನೆಗಳ ಆಪದ್ಧನವಾಗಿವೆ.

ಮಾಂಸವನ್ನೇ ಮುಟ್ಟದ ಮಹನೀಯರೂ ತಮ್ಮ ವಹಿಯನ್ನು ಒಮ್ಮೆ ತೆರೆದು ನೋಡತಕ್ಕದ್ದು. ಹಾಲು-ತುಪ್ಪಗಳನ್ನು ಕೊಡುವ ಎಮ್ಮೆಯೂ ಮೆಲುಕು ಹಾಕುವ ಪ್ರಾಣಿಯೇ. ಜೂರಾಲಾ ಕಾಲುವೆಯ ಕೆಳಗೆ ತಿಂಗಳುಗಟ್ಟಲೆ ನೀರು ನಿಂತ ಬತ್ತದ ಗದ್ದೆಯ ಕೆಸರಿನಿಂದಲೂ ಅದೇ ಮೀಥೇನ್ ಹೊರಡುತ್ತದೆ. ನಾವು ಸಂತರ್ಪಣೆಯಲ್ಲಿ ಎಲೆಯ ಮೇಲೆ ಬಿಟ್ಟೇಳುವ ಅನ್ನವೂ ತಿಪ್ಪೆಯಲ್ಲಿ ಕೊಳೆತು ಅದನ್ನೇ ಕೊಡುತ್ತದೆ. ಆದುದರಿಂದ “ನಾನು ಶುದ್ಧ, ನೀನು ಅಶುದ್ಧ” ಎನ್ನುವವರಿಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ.

ಈ ಪ್ರಸಂಗದಲ್ಲಿ ಮಹಾಭಾರತದ ವನಪರ್ವದ ಧರ್ಮವ್ಯಾಧನ ಕಥೆಯು ಸ್ಮರಣೀಯವಾಗಿದೆ. ಕೌಶಿಕನೆಂಬ ಬ್ರಾಹ್ಮಣನು ತಪೋಬಲದ ಗರ್ವದಿಂದ ಕೊಕ್ಕರೆಯೊಂದನ್ನು ದೃಷ್ಟಿಯಿಂದಲೇ ಸುಟ್ಟನು. ಅವನ ಗರ್ವವನ್ನು ಕಂಡ ಗೃಹಿಣಿಯೊಬ್ಬಳು ಅವನನ್ನು ಧರ್ಮ ಕಲಿಯಲು ಕಳುಹಿಸಿದ್ದು ಎಲ್ಲಿಗೆ? ಮಿಥಿಲೆಯ ಮಾಂಸದ ಅಂಗಡಿಗೆ! ಅಲ್ಲಿಯ ವ್ಯಾಧನು ಕುಲದಿಂದ ಬಂದ ವೃತ್ತಿಯಾಗಿ ಮಾಂಸ ಮಾರುತ್ತಿದ್ದನು. ತಾನು ಕೊಲ್ಲುತ್ತಿರಲಿಲ್ಲ, ತಾನು ತಿನ್ನುತ್ತಲೂ ಇರಲಿಲ್ಲ. ತಂದೆತಾಯಿಗಳ ಸೇವೆಯೇ ಅವನ ತಪಸ್ಸಾಗಿದ್ದಿತು. ಕೊಕ್ಕರೆಯನ್ನು ಸುಟ್ಟ ತಪಸ್ವಿಗೆ ಅಹಿಂಸೆಯನ್ನು ಬೋಧಿಸಿದವನು ಮಾಂಸ ಮಾರುವವನು. ನನಗೆ ಬುದ್ಧಿ ಕಲಿಸಿದ ಕುರುಬರ ತಾತನೂ ನನ್ನ ಪಾಲಿಗೆ ಅಂತಹ ಧರ್ಮವ್ಯಾಧನೇ ಆಗಿರುವನು.

ಹರಕೆಯ ರೂಪವನ್ನು ಬದಲಿಸಿದರೆ ದೋಷ ಬರುವುದೆಂಬ ಭಯ ಅನೇಕರಲ್ಲಿ ಇದೆ. ಆದರೆ 13ನೆಯ ಶತಮಾನದಲ್ಲಿಯೇ ಶ್ರೀಮಧ್ವಾಚಾರ್ಯರು ಯಜ್ಞದಲ್ಲಿ ಜೀವಂತ ಪಶುವಿನ ಸ್ಥಾನದಲ್ಲಿ ಪಿಷ್ಟಪಶುವನ್ನು, ಅಂದರೆ ಹಿಟ್ಟಿನಿಂದ ಮಾಡಿದ ಪಶುವನ್ನು, ವಿಧಿಸಿದರು. ಸಾಕ್ಷಾತ್ ಯಜ್ಞದಲ್ಲಿಯೇ ರೂಪ ಬದಲಾಗಬಹುದಾದರೆ, ತಾಯಿಯಾದ ಊರಮ್ಮನು ಮಕ್ಕಳ ಹರಕೆಯ ರೂಪ ಬದಲಾದುದಕ್ಕೆ ಮುನಿಯುವಳೇ? ಆ ಆಚಾರ್ಯರ ಪರಂಪರೆಯ ಗೋಪಾಲದಾಸರು ಇದೇ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ಹರಿನಾಮ ಹಾಡಿದವರು. 1956ರಲ್ಲಿ ಗದ್ವಾಲ, ಅಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಅಗಲಿ ಈ ಕಡೆಗೆ ಬಂದವು. ನಾರಾಯಣಪೇಟೆ, ಮಕ್ತಲದಲ್ಲಿಯೂ ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿಕೊಂಡು ಬಂದೆವು. ಗಡಿಯ ಗೆರೆಗಳು ಬದಲಾದವು; ಕೃಷ್ಣೆಯೂ ಭೀಮೆಯೂ ಕೂಡಿ ಹರಿಯುವುದು ಬದಲಾಗಲಿಲ್ಲ. ಆ ನೀರನ್ನು ಮುಂದಿನವರಿಗೆ ಉಳಿಸುವ ಭಾರ ಮಾತ್ರ ಎರಡು ಭಾಷೆಯವರ ಮೇಲೂ ಸಮನಾಗಿದೆ.

ನನ್ನ ಹರಕೆಯ ಕುರಿಯನ್ನು ದೇವಿಯ ಹೆಸರಿನಲ್ಲಿ ಹಿಂಡಿಗೆ ಬಿಟ್ಟೆನು. ಕೆಲವು ಬಂಧುಗಳು ಮುನಿದರು. ಆ ವರ್ಷ ನಮ್ಮ ಮನೆಯ ಊಟಕ್ಕೂ ಬರಲಿಲ್ಲ. ಅದಾದ ಎರಡು ವರ್ಷಗಳ ಮೇಲೆ ತಾಯಿಯವರು ಸುಖವಾಗಿ ಕಣ್ಣುಮುಚ್ಚಿದರು. ಹರಕೆ ತಪ್ಪಿದ್ದರಿಂದ ಹೀಗಾಯಿತೆಂದು ಅಂದವರೂ ಉಂಟು. ಆ ಮಾತು ನನ್ನ ಎದೆಗೆ ನಾಟಿತೆಂಬುದನ್ನು ಮುಚ್ಚಿಡಲಾರೆನು. ಆದರೆ ಆಕೆಯು ಆ ಎರಡು ವರ್ಷಗಳ ರಾತ್ರಿಗಳಲ್ಲಿ ನೆಮ್ಮದಿಯಾಗಿ ನಿದ್ರಿಸಿದಳೆಂಬುದು ನನಗೆ ಗೊತ್ತು. ಅದನ್ನು ನಾನು ಜಮಾ ಬದಿಗೆ ಬರೆದುಕೊಂಡಿದ್ದೇನೆ.

ಈಗ ನನ್ನ ವಿಜ್ಞಾಪನೆ. ಎಲ್ಲವನ್ನೂ ಒಮ್ಮೆಲೇ ತ್ಯಜಿಸಿರೆಂದು ನಾನು ಕೇಳುವುದಿಲ್ಲ. ನಮ್ಮ ಹಿರಿಯರು ಹಾಕಿಟ್ಟ ಪಂಚಾಂಗಕ್ಕೆ ಮರಳೋಣ: ಸೋಮವಾರ, ಶನಿವಾರ, ಏಕಾದಶಿ, ಶ್ರಾವಣ, ಕಾರ್ತಿಕಗಳನ್ನು ಬಿಡದೆ ನಡೆಸೋಣ. ಇಷ್ಟರಿಂದಲೇ ವರ್ಷದ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ದಿನಗಳು ಉಳಿಯುವುವು. ಬೇಕಾದವರು ಎಣಿಸಿ ನೋಡಬಹುದು. ಉಳಿದ ದಿನಗಳಲ್ಲಿಯೂ ಮಾಂಸವು ಹಬ್ಬದ ಅಡಿಗೆಯಾಗಿರಲಿ, ನಿತ್ಯದ ಚಟವಾಗದಿರಲಿ. ಹರಕೆ ಹೊರುವವರು ಗುಡಿಯ ಸುತ್ತ ಒಂದು ಬೇವು, ಒಂದು ಹೊಂಗೆ, ಒಂದು ಅರಳಿಯ ಸಸಿ ನೆಟ್ಟು, ಮೂರು ಬೇಸಿಗೆ ನೀರೆರೆಯುವ ಹರಕೆ ಹೊರಲಿ. ಸಂತರ್ಪಣೆಯಲ್ಲಿ ಜೋಳದ ರೊಟ್ಟಿಗೂ ಸ್ಥಾನವಿರಲಿ, ಮುತ್ತುಗದ ಎಲೆಯ ಪತ್ರಾವಳಿಯಿರಲಿ, ಎಲೆಯಲ್ಲಿ ಅನ್ನ ಉಳಿಯದಿರಲಿ. ಗೀತೆಯ 9ನೆಯ ಅಧ್ಯಾಯದಲ್ಲಿ ಭಗವಂತನು ಭಕ್ತನಿಂದ ಸ್ವೀಕರಿಸುವೆನೆಂದ ವಸ್ತುಗಳು ನಾಲ್ಕೇ: ಎಲೆ, ಹೂವು, ಹಣ್ಣು, ನೀರು. ಈ ನಾಲ್ಕೂ ಮುಂದಿನ ತಲೆಮಾರಿಗೆ ದೊರೆಯುವಂತೆ ಉಳಿಸಿದರೆ, ಅದಕ್ಕಿಂತ ಮಿಗಿಲಾದ ಪೂಜೆಯುಂಟೇ?

ಗುಡಿಯ ಜೀರ್ಣೋದ್ಧಾರದ ಲೆಕ್ಕವನ್ನು ಸಮಿತಿಗೆ ಪೈಸೆ ಪೈಸೆಗೂ ಒಪ್ಪಿಸಿದ್ದೇನೆ. ಈ ಇನ್ನೊಂದು ಲೆಕ್ಕವನ್ನು ತಾವು ತಮ್ಮ ತಮ್ಮ ಮನೆಯ ವಹಿಯಲ್ಲಿ ಬರೆದು, ತಾವೇ ತಪಾಸಣೆ ಮಾಡಬೇಕಾಗಿ ಪ್ರಾರ್ಥನೆ. ಹೆಚ್ಚು-ಕಡಿಮೆ ನುಡಿದಿದ್ದರೆ ಹಿರಿಯರು ಮನ್ನಿಸತಕ್ಕದ್ದು. ಶ್ರೀ ಆಂಜನೇಯಸ್ವಾಮಿಯು ನಮ್ಮೆಲ್ಲರಿಗೂ ನಾಲಿಗೆಯನ್ನು ಗೆಲ್ಲುವ ಬಲವನ್ನು ಕರುಣಿಸಲಿ.

ಶ್ರೀ ಕೃಷ್ಣಾರ್ಪಣಮಸ್ತು.