ಬಟ್ಟಲು ಮತ್ತು ಪಕ್ಕದವನು

ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದರು. ನಮ್ಮ ಕನ್ನಡ ಬೈಬಲ್ಲಿನ ಈ ‘ದ್ರಾಕ್ಷಾರಸ’ ಹಣ್ಣಿನ ರಸವೂ ಆದೀತು, ಮದ್ಯವೂ ಆದೀತು. ಕುಡಿಯುವವರಿಗೂ ಬಿಟ್ಟವರಿಗೂ ಅನುಕೂಲ! ಆದರೆ ಅತಿಥಿಗಳಿಗೆ ಅಮಲೇರಿದ ಮೇಲೆ ಕೀಳು ರಸ ಬಡಿಸುವ ರೂಢಿಯನ್ನು ಅಲ್ಲಿನ ಪಾರುಪತ್ಯಗಾರನೇ ಹೇಳುತ್ತಾನೆ. ಅದು ಮದ್ಯವೇ ಸರಿ. ಹಾಗಾಗಿ ಕುಡಿದದ್ದೆಲ್ಲ ಪಾಪವೆನ್ನಲು ನನಗೆ ಬಾಯಿ ಬಾರದು.

ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು ಪ್ರಶ್ನೆಯನ್ನೇ ಬದಲಿಸುತ್ತಾನೆ: ನಿನ್ನ ಕುಡಿತದಿಂದ ಸಹೋದರ ಎಡವುತ್ತಾನೆಯೇ? 1869ರಲ್ಲಿ ಅಮೆರಿಕದ ಮೆಥಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ ದ್ರಾಕ್ಷಿಯ ರಸವನ್ನು ಕಾಯಿಸಿ ಹುಳಿಯದಂತೆ ಬಾಟಲಿಯಲ್ಲಿಟ್ಟದ್ದು ಪ್ರಭುಭೋಜನಕ್ಕೆಂದೇ. ಪೂಜೆಗೆ ಮದ್ಯವನ್ನೇ ವಿಧಿಸುವ ಕ್ಯಾಥೊಲಿಕ್ ಸಭೆ ಕೂಡ, ಕುಡಿತದ ಚಟಕ್ಕೆ ಸಿಕ್ಕ ಪಾದ್ರಿಗೆ ಹುಳಿಯದ ರಸಕ್ಕೆ ಅನುಮತಿ ಕೊಡುವುದುಂಟು. ಪಾದ್ರಿಗೆ ಸಿಕ್ಕ ಈ ಕರುಣೆ ಕೊನೆಯ ಬೆಂಚಿನವನಿಗೂ ಸಲ್ಲಬೇಕು. ಕುಡಿತ ಬಿಟ್ಟು ಆರೇ ತಿಂಗಳಾದವನು ವೇದಿಯ ಬಳಿ ಮೊಣಕಾಲೂರಿದಾಗ, ಬಟ್ಟಲಲ್ಲಿ ಬರಿಯ ಹಣ್ಣಿನ ರಸವಿರಲಿ.