ಮೂಕಪ್ರಾಣಿಗೂ ಕಾನೂನಿನ ರಕ್ಷಣೆಯೇ?



"ಹೆಂಗಸರಿಗೇ ಸರಿಯಾದ ರಕ್ಷಣೆ ಇಲ್ಲ, ಇನ್ನು ನಾಯಿಗೂ ಹಸುವಿಗೂ ಕಾನೂನೇ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರಕ್ಕೆ ಮುಂಚೆ, ಗಂಡನ ಹೊಡೆತ ತಾಳಲಾರದೆ ಮನೆ ಬಿಡಲು ಹೊರಟ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಟ್ಟೆಯ ಗಂಟು. ಕೊಟ್ಟಿಗೆಯಲ್ಲಿ ಅವಳು ತವರಿನಿಂದ ತಂದು ಸಾಕಿದ ಹಸು. "ಹೊಸಿಲು ದಾಟಿದರೆ ಅದರ ಕಾಲು ಮುರಿಯುತ್ತೇನೆ" ಎನ್ನುತ್ತಾನೆ ಗಂಡ. ಅವಳು ಗಂಟನ್ನು ಒಳಗಿಡುತ್ತಾಳೆ.

ಆ ಬೆದರಿಕೆ ಹಸುವಿಗೋ, ಹೆಂಡತಿಗೋ? ಒಂದು ಕೃತ್ಯವನ್ನು ತೂಗುವಾಗ ಅದರ ಉದ್ದೇಶವನ್ನೂ ನೋಡಬೇಕೆಂದು ನಮ್ಮ ನೀತಿಶಾಸ್ತ್ರ ಕಲಿಸುತ್ತದೆ. ಇಲ್ಲಿ ಏಟು ಬೀಳುವುದು ಪ್ರಾಣಿಯ ಮೇಲೆ, ಗುರಿಯಿಟ್ಟದ್ದು ಹೆಣ್ಣಿನ ಮೇಲೆ.

ಅಮೆರಿಕದ ಮೇನ್ ರಾಜ್ಯ 2006ರಲ್ಲಿ ಇದನ್ನು ಗುರುತಿಸಿತು. ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ನ್ಯಾಯಾಲಯ ಕೊಡುವ ರಕ್ಷಣಾ ಆದೇಶದಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಲು ಅವಕಾಶ ಕೊಟ್ಟಿತು. ಆ ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಅದು. ಬಳಿಕ ಬಹುಪಾಲು ರಾಜ್ಯಗಳು ಅದರ ದಾರಿ ಹಿಡಿದವು. ಪ್ರಾಣಿಗಳೊಂದಿಗೆ ಬರುವ ಸಂತ್ರಸ್ತರ ಆಶ್ರಯಕ್ಕೆ ನೆರವು ನೀಡುವ ಕಾನೂನು 2018ರಲ್ಲಿ ಇಡೀ ದೇಶಕ್ಕೇ ಬಂತು.

ನಮ್ಮ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ, 2005 ಜಾರಿಗೆ ಬಂದದ್ದೂ 2006ರ ಅಕ್ಟೋಬರ್ 26ರಂದೇ. ಮಹಿಳೆಗೆ ಬೇಕಾದ ಯಾವುದೇ 'ವ್ಯಕ್ತಿ'ಗೆ ನೋವುಂಟುಮಾಡುವುದಾಗಿ ಪದೇ ಪದೇ ಬೆದರಿಸುವುದನ್ನೂ ಈ ಕಾಯಿದೆ ಹಿಂಸೆಯೆಂದೇ ಎಣಿಸುತ್ತದೆ. ಪ್ರಾಣಿಯ ಹೆಸರು ಅಲ್ಲಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅವಳ ಸ್ತ್ರೀಧನವನ್ನೂ ಇತರ ಸ್ವತ್ತನ್ನೂ ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು; ಆದೇಶದಲ್ಲಿ ಹೆಸರಿಸಿದ ಬೇರೆ ಕೃತ್ಯಗಳನ್ನೂ ತಡೆಯಬಹುದು. ಆದರೆ ಇದನ್ನು ತಿಳಿದು ಅವಳ ಪರವಾಗಿ ಕೇಳುವವರು ಬೇಕು.

ಪ್ರವಾದಿ ನಾತಾನನು ದಾವೀದನಿಗೆ ಹೇಳಿದ ಕಥೆ ನಿಮಗೆ ಗೊತ್ತು (2 ಸಮುವೇಲ 12). ಬಡವನ ಬಳಿ ಇದ್ದದ್ದು ಒಂದೇ ಹೆಣ್ಣು ಕುರಿಮರಿ. ಅದು ಅವನ ತುತ್ತಿನಲ್ಲಿ ಪಾಲು ಪಡೆದು, ಅವನ ಮಡಿಲಲ್ಲಿ ಮಲಗಿ, ಮಗಳಂತೆ ಬೆಳೆದಿತ್ತು. ಧನಿಕನು ಅದನ್ನು ಕಸಿದುಕೊಂಡ. "ಕುರಿಮರಿ ತಾನೇ" ಎಂದು ದಾವೀದನು ಹೇಳಲಿಲ್ಲ, ಕೆಂಡವಾದ. ಕುರಿಮರಿಗಾದ ಅನ್ಯಾಯ ಬಡವನ ಎದೆಗೆ ತಾಗಿದೆಯೆಂದು ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಪ್ರಾಣಿಯನ್ನು ಮನುಷ್ಯನಿಗೆ ಸಮನಾಗಿಸಬೇಕೆಂದು ಇದರ ಅರ್ಥವಲ್ಲ. ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗೆ ಕೊಡಬಾರದೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಎಚ್ಚರಿಸುತ್ತದೆ. ಪ್ರಾಣಿಯನ್ನು ವೃಥಾ ನರಳಿಸುವುದು ಮನುಷ್ಯನ ಘನತೆಗೇ ವಿರುದ್ಧವೆಂದೂ ಅಲ್ಲೇ ಹೇಳಿದೆ (2418). ಪ್ರಾಣಿಗಳ ಮೇಲಿನ ಕ್ರೌರ್ಯ ಮನುಷ್ಯರ ಮೇಲಿನ ಕ್ರೌರ್ಯಕ್ಕೆ ದಾರಿಯಾಗುತ್ತದೆಂದು ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಕಂಡಿದ್ದರು. ಹಿಂಸೆಯ ಮನೆಗಳಲ್ಲಿ ಇವೆರಡೂ ಒಂದೇ ಸೂರಿನಡಿ ಇರುತ್ತವೆ.

"ಸಹಿಸಿಕೊಳ್ಳಮ್ಮಾ, ಅದು ನಿನ್ನ ಶಿಲುಬೆ" ಎಂದು ಬುದ್ಧಿ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸಂಗಾತಿಯಿಂದ ತನಗೋ ಮಕ್ಕಳಿಗೋ ಘೋರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಧರ್ಮಸಭೆಯ ಕಾನೂನೇ (ನಿಯಮ 1153) ಅನುಮತಿ ಕೊಡುತ್ತದೆ. ನಾವು ಅದಕ್ಕೆ ಅಡ್ಡ ನಿಲ್ಲುವುದು ಬೇಡ.

ಆದ್ದರಿಂದ ಕಾನೂನಿನಲ್ಲಿ ಮೂಕಪ್ರಾಣಿಯ ಹೆಸರೂ ಸೇರಲೆಂದು ಕೇಳುವುದು ಸರಿಯೇ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. "ಹಸು ಬಿಟ್ಟು ಹೇಗೆ ಬರಲಿ?" ಎಂದು ನೆರೆಯವಳು ಕೇಳಿದರೆ ನಗಬೇಡಿ. ಅವಳನ್ನು ಸಂರಕ್ಷಣಾಧಿಕಾರಿಯ ಬಳಿಗೆ ಕರೆದೊಯ್ಯಿರಿ. ಹಸುವಿನ ವಿಷಯವನ್ನೂ ದೂರಿನಲ್ಲಿ ಬರೆಸಿರಿ. ನಿಮ್ಮ ಕೊಟ್ಟಿಗೆಯಲ್ಲಿ ಒಂದು ಗೂಟದಷ್ಟು ಜಾಗ ಕೊಡಿರಿ. ಆ ಗೂಟದಿಂದ ಒಬ್ಬ ತಾಯಿಯ ಜೀವವೂ ಉಳಿಯಬಹುದು.